ಮಿಡತೆ ಕಾರಿನ ಎಣ್ಣೆ

ಕಾರನ್ನು ಅಟ್ಟದ ಕೆಳಗಿನಿಂದ ಅಂಗಳಕ್ಕೆ ತರಲು ಒಂಬತ್ತು ಜನ ಬೇಕಾಯಿತು. ಟೈರುಗಳು ಒಣಗಿ ಬಿರಿದು ನೆಲಕ್ಕೆ ಕಚ್ಚಿಕೊಂಡಿದ್ದವು, ಒಂದು ಚಕ್ರವೂ ಉರುಳಲೊಲ್ಲದು. ಮಂಡಿಯ ಹಮಾಲಿಗಳು ಮುಂದಿನ ಬಂಪರಿಗೆ ಹಗ್ಗ ಬಿಗಿದು, ಚಕ್ರದ ಅಡಿಗೆ ತೆಂಗಿನ ಗರಿಯ ಹಸಿ ಎಡಮಟ್ಟೆ ಕೊಟ್ಟು, ಜಾರಿಸಿಕೊಂಡು ಎಳೆದರು. ಹಿಂದಿನ ಸೀಟಿನಲ್ಲಿ ಕಾವಿಗೆ ಕೂತಿದ್ದ ಕೋಳಿ ಕೂಗಿಕೊಂಡು ಹಾರಿತು. ಇಪ್ಪತ್ತಮೂರು ವರ್ಷದಲ್ಲಿ ಈ ಕಾರಲ್ಲಿ ಸವಾರಿ ಮಾಡಿದೋಳು ಇವಳೊಬ್ಬಳೇ ಕಣ್ರಪ್ಪ ಎಂದು ಒಬ್ಬ ಹಮಾಲಿ ಅಂದ. ಎಲ್ಲರೂ ನಕ್ಕರು. ನಾನು ನಗಲಿಲ್ಲ. ಆ ಕಾರಿಗೆ ಕೊನೆಯ ಡ್ರೈವರಾಗಿದ್ದವನು ನಮ್ಮಪ್ಪ ಲಕ್ಕಯ್ಯ.

ಅದು ಎಂಬತ್ನಾಲ್ಕನೇ ಇಸವಿಯ ಕಾರ್ತೀಕ. ತಿಪಟೂರಿನಲ್ಲಿ ಕೊಬ್ಬರಿ ವರ್ತಕರಾಗಿದ್ದ ಕರಿಬಸವಯ್ಯನವರು ತೀರಿಕೊಂಡು ಆರು ವರ್ಷವಾಗಿತ್ತು. ಅವರ ಮಗ ಬಸವರಾಜಪ್ಪನವರು ನನ್ನ ಗ್ಯಾರೇಜಿಗೆ ತಾವೇ ನಡೆದು ಬಂದು, ಜನವರಿಯಲ್ಲಿ ಬೆಂಗಳೂರಿನಲ್ಲಿ ಹಳೇ ಕಾರುಗಳ ಮೆರವಣಿಗೆ ಇದೆ, ಅಪ್ಪಾಜಿಯ ಕಾರು ಅದರಲ್ಲಿ ಓಡಬೇಕು, ಮಾಡುತ್ತೀಯಾ ಎಂದು ಕೇಳಿದರು. ಅವರ ಎರಡು ಲಾರಿಗಳ ಕೆಲಸ ವರ್ಷವಿಡೀ ನನ್ನದೇ. ಮೂರು ಮಕ್ಕಳ ಸ್ಕೂಲು, ಅಪ್ಪನ ಕಣ್ಣಿನ ಔಷಧಿ ಎಲ್ಲ ಆ ಲಾರಿಗಳ ಮೇಲೇ ನಡೆಯುತ್ತಿದ್ದುದರಿಂದ ಆಗುವುದಿಲ್ಲ ಅನ್ನುವ ಮಾತೇ ಇರಲಿಲ್ಲ. ಮನೆಗೆ ಹೋಗಿ ಅಪ್ಪನಿಗೆ ಹೇಳಿದೆ. ಜಗಲಿಯ ಮೇಲೆ ಕೂತಿದ್ದ ಅವನು ಅದು ಇನ್ನೂ ಐತಾ ಎಂದಷ್ಟೇ ಕೇಳಿದ.

ಆ ಕಾರಿನ ಕಥೆ ನನಗೆ ಬಾಯಿಪಾಠ. ಇಂಗ್ಲೆಂಡಿನಲ್ಲಿ ಕಟ್ಟಿದ ಸನ್‌ಬೀಮ್ ಟಾಲ್ಬಟ್, ಐವತ್ತೊಂದನೇ ಇಸವಿಯದು. ಎರಡೇ ಬಾಗಿಲು, ಹಿಂದಕ್ಕೆ ಮಡಚುವ ಕ್ಯಾನ್ವಾಸು ಟಾಪು. ಇಂಥದಕ್ಕೆ ಕೂಪೆ ಅನ್ನುತ್ತಾರೆ. ಚಿಕ್ಕನಾಯಕನಹಳ್ಳಿ ಕಡೆಯ ಗಣಿಯಲ್ಲಿ ಮ್ಯಾನೇಜರಾಗಿದ್ದ ದೊರೆಯೊಬ್ಬ ತನ್ನ ದೇಶಕ್ಕೆ ಹೊರಡುವಾಗ ಕರಿಬಸವಯ್ಯನವರಿಗೆ ಮಾರಿ ಹೋಗಿದ್ದ. ಎಲೆಹಸಿರು ಬಣ್ಣ, ಉದ್ದ ಮೂತಿ, ನೆಗೆಯಲು ಕಾಲು ಮಡಚಿಕೊಂಡಂತಿದ್ದ ಮಡ್‌ಗಾರ್ಡು. ಊರವರು ಮಿಡತೆ ಕಾರು ಎಂದು ಹೆಸರಿಟ್ಟರು. ಸಾಹುಕಾರರ ಹೆಂಡತಿ ಗುರುಸಿದ್ದಮ್ಮನವರು ಒಂದೇ ಒಂದು ಸಲ ಹತ್ತಿದರಂತೆ. ಮುಂದಿನ ಸೀಟು ಬಗ್ಗಿಸಿ ಹಿಂದಕ್ಕೆ ತೂರಿಕೊಳ್ಳಬೇಕಾಗಿ ಬಂದದ್ದಕ್ಕೆ, ಇದು ಕಳ್ಳರು ಕೂರೋ ಗಾಡಿ ಎಂದು ಇಳಿದವರು ಮತ್ತೆ ಹತ್ತಲಿಲ್ಲ. ಆಮೇಲೆ ಆ ಸೀಟಿನಲ್ಲಿ ಕೂತದ್ದು ಕೊಬ್ಬರಿ ಚೀಲ. ಬೆಳಗಿನ ರೈಲು ತಿಪಟೂರು ಸ್ಟೇಷನ್ನು ಬಿಟ್ಟಾಗ ಅಪ್ಪನೂ ಕಾರು ಬಿಟ್ಟು, ಬಾಣಸಂದ್ರದ ಗೇಟು ಬೀಳುವುದರೊಳಗೆ ದಾಟಿ ನಿಂತು ರೈಲಿನ ಡ್ರೈವರಿಗೆ ಕೈ ಬೀಸುತ್ತಿದ್ದನಂತೆ. ಪಕ್ಕದಲ್ಲಿ ಸಾಹುಕಾರರು ಪೇಟ ಒತ್ತಿ ಹಿಡಿದುಕೊಂಡು ನಗುತ್ತಿದ್ದರಂತೆ. ಇದನ್ನೆಲ್ಲ ನನಗೆ ಹೇಳಿದ್ದು ಊರು. ಅಪ್ಪ ಒಂದನ್ನೂ ಹೇಳಲಿಲ್ಲ.

ಅರವತ್ತೊಂದರ ಡಿಸೆಂಬರಿನಲ್ಲಿ ಒಂದು ದಿನ ಬೆಳಕು ಹರಿಯುವ ಹೊತ್ತಿಗೆ ಹುಳಿಯಾರು ಸಂತೆಗೆ ಹೊರಟ ಕಾರು, ಹಂದನಕೆರೆಗೆ ಮುಂಚೆ ಸಿಗುವ ಒಂದು ಕೆರೆ ಏರಿಯ ಇಳಿಜಾರಿನಲ್ಲಿ ಭೂತಮ್ಮ ಎನ್ನುವ ಹೆಂಗಸಿಗೆ ಬಡಿಯಿತು. ಅವಳು ಅಲ್ಲೇ ಪ್ರಾಣ ಬಿಟ್ಟಳು. ಪೋಲೀಸರು ಮೆಕ್ಯಾನಿಕ್ಕನ್ನು ಕರೆದುಕೊಂಡು ಬರುವಷ್ಟರಲ್ಲಿ ಮಧ್ಯಾಹ್ನ ಎರಡು ಗಂಟೆ. ಅದೇ ಇಳಿಜಾರಿನಲ್ಲಿ ಕಾರನ್ನು ಮೂರು ಸಲ ಓಡಿಸಿ ನೋಡಿದರು. ಮೂರು ಸಲವೂ ಬ್ರೇಕು ಹಿಡಿಯಿತು. ಬ್ರೇಕು ಸರಿಯಿದೆ ಅಂದಮೇಲೆ ಹೆಂಗಸೇ ಬಂದು ಅಡ್ಡ ಬಿದ್ದಿರಬೇಕು ಎಂದಾಯಿತು. ಸಾಹುಕಾರರ ವಕೀಲರು ಹಾಗೆ ವಾದಿಸಿದರು, ಅಪ್ಪನೂ ಕೋರ್ಟಿನಲ್ಲಿ ಹಾಗೇ ಹೇಳಿದ. ಗಂಡ ಸತ್ತು ಇನ್ನೂ ವರ್ಷ ತುಂಬಿರಲಿಲ್ಲ, ಮನಸ್ಸಿಗೆ ಹಚ್ಚಿಕೊಂಡಿದ್ದಳು ಎಂದು ಅವಳ ಊರೂ ಒಪ್ಪಿತು. ಅಪ್ಪ ಬಿಡುಗಡೆಯಾಗಿ ಬಂದ. ಆದರೆ ಮತ್ತೆ ಸ್ಟೇರಿಂಗ್ ಮುಟ್ಟಲಿಲ್ಲ, ಅದೇ ಮಂಡಿಯಲ್ಲಿ ಕಾಯಿ ಸುಲಿಯುವವನಾದ. ಒಂದು ವರ್ಷ ಕಳೆದ ಮೇಲೆ ತಲೆಗೆ ಎಣ್ಣೆ ಇಡುವುದನ್ನೂ ಬಿಟ್ಟ. ತೆಂಗಿನ ಸೀಮೆಯಲ್ಲಿ ಹುಟ್ಟಿ ಒಣತಲೆಯಲ್ಲಿ ಓಡಾಡುವ ಗಂಡಸು ಅವನೊಬ್ಬನೇ ಇರಬೇಕು. ಏನೋ ಹರಕೆ ಎಂದುಕೊಂಡು ನಾವು ಕೇಳಲಿಲ್ಲ.

ಕಾರು ಅಂಗಳಕ್ಕೆ ಬಂದ ಮೂರನೆಯ ದಿನ ಬೋರಮ್ಮ ನನ್ನ ಹತ್ತಿರ ಬಂದಳು. ಭೂತಮ್ಮನ ಮಗಳು. ತಾಯಿ ಸತ್ತಾಗ ಹತ್ತು ವರ್ಷದವಳು, ಈಗ ಅವಳಿಗೇ ಇಬ್ಬರು ಮಕ್ಕಳು. ಬಸವರಾಜಪ್ಪನವರ ಅಟ್ಟದಲ್ಲೇ ಕೆಲಸ. ಹನ್ನೊಂದು ತಿಂಗಳು ಅಟ್ಟದ ಮೇಲೆ ಒಣಗಿದ ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಒಳಗಿನ ಕೊಬ್ಬರಿ ಚಿಪ್ಪು ಬಿಟ್ಟು ಗಿಟುಕಾಗಿದೆಯೋ ಇಲ್ಲವೋ ಹೇಳುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಅವಳು ಆಗಿದೆ ಅಂದರೆ ಕಣ್ಣು ಮುಚ್ಚಿ ಒಡೆಯಬಹುದು. ಕಾರಿನ ಮುಂದೆ ಹಾಯುವುದನ್ನು ತಪ್ಪಿಸಲು ಅವಳು ಬಾವಿಯ ಕಡೆಯಿಂದ ಸುತ್ತಿಕೊಂಡು ಓಡಾಡುವುದನ್ನು ನಾನು ಮೊದಲ ದಿನವೇ ನೋಡಿದ್ದೆ. ಅವತ್ತೂ ಹಾಗೇ ಸುತ್ತಿಕೊಂಡು ಬಂದು ನಿಂತಳು.

"ಗಂಗಾಧರಣ್ಣ, ನೀನು ಇದನ್ನ ಪೂರ್ತಿ ಬಿಚ್ತೀಯಾ?"

ಪೂರ್ತಿ ಬಿಚ್ಚದೆ ಆಗುವುದಿಲ್ಲ ಎಂದೆ.

"ಬಿಚ್ಚಿದ್ರೆ ಗೊತ್ತಾಯ್ತದಾ, ಅವತ್ತು ಇದರ ಬ್ರೇಕು ಇತ್ತೋ ಇಲ್ವೋ ಅಂತ?"

ಪೋಲೀಸರು ಅವತ್ತೇ ನೋಡಿದ್ದಾರಲ್ಲ ಎಂದೆ. ಅವಳು ತಲೆ ಕೊಡವಿದಳು.

"ಪೋಲೀಸ್ರು ಕಾಯಿ ಮೇಲ್ಗಡೆ ನೋಡಿದ್ರು ಕಣಣ್ಣ. ನೀನು ಅಲ್ಲಾಡಿಸಿ ನೋಡು."

ಆಮೇಲೆ ತಾನು ಯಾಕೆ ಕೇಳುತ್ತಿದ್ದೇನೆ ಎಂಬುದನ್ನೂ ಹೇಳಿದಳು. ಮಹಾಲಯ ಅಮಾವಾಸ್ಯೆಗೆ ಹಂದನಕೆರೆಯಲ್ಲಿರುವ ಅವಳ ದೊಡ್ಡಪ್ಪನ ಮನೆಯಲ್ಲಿ ಹಿರಿಯರಿಗೆ ಎಡೆ ಇಡುತ್ತಾರೆ. ಸತ್ತವರ ಹೆಸರಿನಲ್ಲಿ ಒಬ್ಬೊಬ್ಬರಿಗೆ ಒಂದೊಂದು ಬಟ್ಟೆ, ಗಂಡಸರಿಗೆ ಪಂಚೆ, ಹೆಂಗಸರಿಗೆ ಸೀರೆ. ತಾನಾಗಿ ಜೀವ ಕಳೆದುಕೊಂಡವರಿಗೆ ಎಡೆಯಿಲ್ಲ ಎನ್ನುವುದು ದೊಡ್ಡಪ್ಪನ ಕಟ್ಟು. ಇಪ್ಪತ್ತಮೂರು ವರ್ಷವೂ ಅವಳಪ್ಪನ ಪಂಚೆಯ ಪಕ್ಕ ಜಾಗ ಖಾಲಿ. ಅವಳು ಪ್ರತಿ ವರ್ಷ ಸೀರೆ ತೆಗೆದುಕೊಂಡು ಹೋಗುತ್ತಾಳೆ, ಹಾಗೇ ವಾಪಸು ತರುತ್ತಾಳೆ.

"ಇತ್ತು ಅಂದ್ರೆ ಇತ್ತು ಅನ್ನು, ನಾನು ಸುಮ್ನಾಯ್ತೀನಿ. ಇಲ್ಲ ಅಂದ್ರೆ ಅದನ್ನೂ ಹೇಳು. ಸಾವ್ಕಾರ್ರಿಗೆ ಹೆದರಿಕೊಂಡು ನುಂಗ್‌ಬ್ಯಾಡ."

ಹೇಳುತ್ತೇನೆ ಎಂದೆ. ಅಷ್ಟು ಸುಲಭವಾಗಿ ಹೇಳಿದ್ದಕ್ಕೆ ಕಾರಣ, ನನ್ನ ಪ್ರಕಾರ ಹೇಳುವಂಥದ್ದೇನೂ ಸಿಗುವಂತಿರಲಿಲ್ಲ. ನಮ್ಮಪ್ಪನ ಕೈಯಲ್ಲಿದ್ದ ಗಾಡಿಯ ಬ್ರೇಕು ಸರಿಯಿಲ್ಲದಿರುವುದು ಸಾಧ್ಯವೇ ಇಲ್ಲ ಎಂದು ನಾನು ನಂಬಿದ್ದೆ.

ಕಾರ್ತೀಕ ಕಳೆಯುವವರೆಗೆ ಅದನ್ನು ಬಿಚ್ಚಿದ್ದೇ ಬಿಚ್ಚಿದ್ದು. ಒಂದು ಪುಣ್ಯವೆಂದರೆ, ಮಳೆಗಾಲದಲ್ಲಿ ಅಟ್ಟದ ಕಾಯಿಗೆ ಕೆಳಗಿನಿಂದ ಹಾಕುತ್ತಿದ್ದ ಸಣ್ಣ ಹೊಗೆ ಕಾರಿನ ಮೈಗೆಲ್ಲ ಕರಿ ಜಿಡ್ಡಾಗಿ ಅಂಟಿ, ಒಳಗಿನ ತಗಡನ್ನು ತುಕ್ಕು ತಿನ್ನದಂತೆ ಕಾಪಾಡಿತ್ತು. ಸೀಮೆಎಣ್ಣೆ ಬಟ್ಟೆಯಲ್ಲಿ ಉಜ್ಜಿದರೆ ಹಸಿರು ಈಚೆ ಬರುತ್ತಿತ್ತು. ಇಂಜಿನ್ನು ಮಾತ್ರ ಹಿಡಿದುಕೊಂಡಿತ್ತು. ಪ್ಲಗ್ಗು ಬಿಚ್ಚಿ ಸೀಮೆಎಣ್ಣೆ ಸುರಿದು ದಿನಾ ಬೆಳಗ್ಗೆ ಸ್ವಲ್ಪ ಸ್ವಲ್ಪ ಒತ್ತಿ ನೋಡುತ್ತಿದ್ದೆ, ಎಂಟನೆಯ ದಿನ ಕೂದಲೆಳೆಯಷ್ಟು ಅಲುಗಿತು. ಗ್ಯಾಸ್ಕೆಟ್ಟುಗಳನ್ನು ಕೈಯಲ್ಲೇ ಕತ್ತರಿಸಿದೆ. ಇಲಿಗಳು ತಿಂದುಹಾಕಿದ್ದ ಸೀಟಿಗೆ ನಮ್ಮ ಕಡೆಯ ನಾರನ್ನೇ ತುಂಬಿಸಿದೆ. ಟೈರಿಗಾಗಿ ಬೆಂಗಳೂರಿಗೆ ನಾಲ್ಕು ಸಲ ಹೋಗಿಬಂದೆ.

ಡಿಸೆಂಬರ್ ಮೊದಲ ವಾರದ ಒಂದು ಸಂಜೆ ಇಂಜಿನ್ನು ಹೊತ್ತಿಕೊಂಡಿತು. ಸೈಲೆನ್ಸರಿನಿಂದ ಇಲಿಗೂಡು ಸುಟ್ಟ ಹೊಗೆ ಬಂತು. ಹಮಾಲಿಗಳು ಕೆಲಸ ಬಿಟ್ಟು ನಿಂತರು. ಅವತ್ತು ರಾಗಿಮುದ್ದೆಯ ಮುಂದೆ ಕೂತಾಗ ಅಪ್ಪ ತಲೆಯೆತ್ತದೆ, "ಒಂದು ಸಿಲಿಂಡರು ಹೊಡೀತಿಲ್ಲ ಕಣ್ಲಾ" ಅಂದ. ಮಂಡಿಯ ಹಿಂದಿನ ಗಲ್ಲಿಯ ನಮ್ಮ ಮನೆಯ ಜಗಲಿಯಿಂದಲೇ ಅವನಿಗೆ ಕೇಳಿಸಿತ್ತು. ನೋಡಿದರೆ ನಿಜ, ಮೂರನೆಯ ಪ್ಲಗ್ಗು ಸತ್ತಿತ್ತು.

ಬ್ರೇಕನ್ನು ನಾನು ಕೊನೆಗೆ ಇಟ್ಟುಕೊಂಡಿದ್ದೆ. ಡ್ರಮ್ಮುಗಳನ್ನು ಬಿಚ್ಚಿ ತುಕ್ಕು ಕೆರೆದು ಚಕ್ರ ತಿರುಗುವಂತೆ ಮಾಡಿದ ಮೇಲೆ, ಒಂದು ದಿನ ಬೆಳಗ್ಗೆ ಬೇಗ ಬಂದು ಪೆಡಲ್ಲು ತುಳಿದೆ. ಕಲ್ಲು ತುಳಿದ ಹಾಗಾಯಿತು. ಒಂದಿಷ್ಟೂ ಕೆಳಗಿಳಿಯಲಿಲ್ಲ. ಒಳಗೆ ಪಿಸ್ಟನ್ನು ತುಕ್ಕು ಹಿಡಿದು ಕೂತಿರಬೇಕು ಎಂದುಕೊಂಡು ಬೇರೆ ಕೆಲಸಕ್ಕೆ ಹೋದೆ. ಊಟ ಮುಗಿಸಿ ಬಂದು ಸಾಮಾನು ತೆಗೆಯಲು ಕಾರಿನೊಳಗೆ ಕೂತಾಗ ಕಾಲು ತಾನಾಗಿ ಪೆಡಲ್ಲಿನ ಮೇಲೆ ಹೋಯಿತು. ಅದು ಕೆಳಗಿಳಿಯಿತು. ನಿಧಾನವಾಗಿ ಇಳಿದು, ಹಿಂದಿನ ಚಕ್ರಗಳನ್ನು ಹಿಡಿಯಿತು ಕೂಡ. ಮಾರನೆಯ ಬೆಳಗ್ಗೆ ತುಳಿದರೆ ಮತ್ತೆ ಕಲ್ಲು. ಇಪ್ಪತ್ತು ವರ್ಷ ಗಾಡಿ ಬಿಚ್ಚಿದ್ದೇನೆ, ತುಕ್ಕು ಬಿಸಿಲಿಗೆ ಕರಗಿದ್ದನ್ನು ನಾನು ನೋಡಿಲ್ಲ.

ಮೂರನೆಯ ದಿನ ಬೆಳಗ್ಗೆ ಮನೆಯಲ್ಲಿ ದೊಡ್ಡ ಮಗಳು ಸ್ಕೂಲಿಗೆ ತಡವಾಯಿತೆಂದು ಅವಳಮ್ಮನ ಮೇಲೆ ರೇಗುತ್ತಿದ್ದಳು. ತಲೆಗೆ ಹಚ್ಚಿಕೊಳ್ಳುವ ಎಣ್ಣೆ ಚಳಿಗೆ ಹೆಪ್ಪುಗಟ್ಟಿ ಸೀಸೆಯಿಂದ ಬೀಳುತ್ತಿರಲಿಲ್ಲ. ನನ್ನ ಹೆಂಡತಿ ಲಕ್ಷ್ಮಿದೇವಮ್ಮ ಸೀಸೆಯನ್ನು ಕಿತ್ತುಕೊಂಡು ಒಲೆಯ ಪಕ್ಕ ಇಟ್ಟಳು. ಪ್ರತಿ ಧನುರ್ಮಾಸದಲ್ಲೂ ಪ್ರತಿ ಮನೆಯಲ್ಲೂ ನಡೆಯುವುದು ಇದು. ನಾನು ಕಾಫಿ ಲೋಟ ಹಿಡಿದುಕೊಂಡು ಆ ಸೀಸೆಯನ್ನೇ ನೋಡುತ್ತಾ ನಿಂತೆ. ಬಿಳಿಯ ಎಣ್ಣೆ ಒಲೆಯ ಕಡೆಯ ಪಕ್ಕದಿಂದ ನೀರಾಗುತ್ತಾ ಬಂತು. ಲೋಟ ಅಲ್ಲೇ ಇಟ್ಟು ಮಂಡಿಗೆ ಹೋದೆ.

ಪೆಡಲ್ಲು ತುಳಿದಾಗ ಪೈಪಿನೊಳಗಿನ ಎಣ್ಣೆ ಹೋಗಿ ಒತ್ತಿದರೇ ಚಕ್ರ ಹಿಡಿಯುವುದು. ಆ ಬ್ರೇಕಿನ ಎಣ್ಣೆ ತುಂಬುವ ಡಬ್ಬಿಯ ಮುಚ್ಚಳ ತಿರುಗಿಸಿದೆ. ಒಳಗೆ ತುಪ್ಪದಂತೆ ಗಟ್ಟಿಯಾಗಿ, ಅಂಚಿನಲ್ಲಿ ಮಾತ್ರ ಕಂದುಬಣ್ಣಕ್ಕೆ ತಿರುಗಿ ಕೂತಿತ್ತು. ಬೆರಳಿನಲ್ಲಿ ತೆಗೆದು ಮೂಸಿದೆ. ಕಮಟಾಗಿತ್ತು. ಆದರೂ ಗಾಣದ ಮನೆಯ ಪಕ್ಕ ಬೆಳೆದವನಿಗೆ ಆ ವಾಸನೆ ತಪ್ಪುವುದಿಲ್ಲ. ತೆಂಗಿನೆಣ್ಣೆ. ಪೈಪಿನ ಒಂದು ತುದಿ ಬಿಚ್ಚಿ ನೋಡಿದೆ, ಅದರೊಳಗೂ ಮೇಣದ ಬತ್ತಿಯಂತೆ ಅದೇ ಇತ್ತು. ಕಾರಿನದೇನೂ ತಪ್ಪಿರಲಿಲ್ಲ. ಯಾರೋ ಬ್ರೇಕಿನ ಎಣ್ಣೆಗೆ ಬದಲು ಇದನ್ನು ತುಂಬಿದ್ದರು. ಡಿಸೆಂಬರಿನ ಬೆಳಗಿನ ಜಾವ ಅದು ಕಲ್ಲು, ಮಧ್ಯಾಹ್ನ ಎರಡು ಗಂಟೆಗೆ ಪೋಲೀಸರು ಬರುವ ಹೊತ್ತಿಗೆ ನೀರು.

ನನಗೆ ಮೊದಲು ಬಂದ ಯೋಚನೆ ಭೂತಮ್ಮನದಲ್ಲ, ಅಪ್ಪನದು. ಪೆಡಲ್ಲು ಕಲ್ಲಾಗಿತ್ತು ಎಂಬುದು ಅವನಿಗೆ ಗೊತ್ತಿರಲೇಬೇಕು. ಕಾಲಿಟ್ಟವನು ಅವನು. ಆದರೂ ಅವನು ಕೋರ್ಟಿನಲ್ಲಿ ಹೆಂಗಸೇ ಬಂದು ಬಿದ್ದಳು ಅಂದಿದ್ದ.

ಬಸವರಾಜಪ್ಪನವರು ಹತ್ತು ಗಂಟೆಗೆ ಬಂದಾಗ ತೋರಿಸಿದೆ. ಅವರು ಬಗ್ಗಿ ನೋಡಿದರು, ಬೆರಳಿಗೆ ತಗುಲಿಸಿಕೊಂಡು ಉಜ್ಜಿದರು, ಕರವಸ್ತ್ರದಲ್ಲಿ ಒರೆಸಿಕೊಂಡರು. ಒರಟಾಗಿ ಮಾತಾಡಿದ್ದರೆ ನನಗೆ ಸುಲಭವಾಗುತ್ತಿತ್ತು. ಅವರು ನನ್ನ ಹೆಗಲ ಮೇಲೆ ಕೈಯಿಟ್ಟರು.

"ಅಪ್ಪಾಜಿ ಹೆಸರಲ್ಲಿ ಹಾಸ್ಟೆಲ್ ನಡೀತಿದೆ ಗಂಗಾಧರ. ಇನ್ನು ನಿಮ್ಮಪ್ಪ, ಆ ವಯಸ್ಸಲ್ಲಿ ಅವನನ್ನ ಎಳೆದಾಡ್ತೀಯಾ? ಇದರಿಂದ ಯಾರೂ ಎದ್ದು ಬರಲ್ಲ. ಸ್ಪಿರಿಟ್ಟಲ್ಲಿ ತೊಳೆದು ಹೊಸ ಎಣ್ಣೆ ಹಾಕು."

ಅಟ್ಟದ ಮೇಲಿನಿಂದ ಕಾಯಿ ಅಲ್ಲಾಡಿಸುವ ಲೊಡಲೊಡ ಸದ್ದು ಬರುತ್ತಲೇ ಇತ್ತು. ನಾನು ತೊಳೆದೆ. ಪೈಪುಗಳನ್ನೆಲ್ಲ ಕಳಚಿ ಬಿಸಿಲಿಗಿಟ್ಟು ಕರಗಿಸಿ ಚೆಲ್ಲಿದೆ. ಡಬ್ಬಿಯಲ್ಲಿದ್ದ ಒಂದು ಗಡ್ಡೆಯನ್ನು ಮಾತ್ರ, ಯಾಕೆಂದು ನನಗೇ ಗೊತ್ತಿಲ್ಲದೆ, ಒಂದು ಸ್ಟೀಲಿನ ಲೋಟದಲ್ಲಿ ಹಾಕಿ ಇಟ್ಟುಕೊಂಡೆ.

ಮಧ್ಯಾಹ್ನ ಬೋರಮ್ಮ ಕೆಳಗಿಳಿದು ಬಂದಳು. ಬಿಸಿಲಿನಲ್ಲಿ ಸಾಲಾಗಿಟ್ಟಿದ್ದ ಪೈಪುಗಳನ್ನು ನೋಡಿ, ಇದೇ ಬ್ರೇಕಿಂದಾ ಎಂದಳು. ಹೂಂ ಎಂದೆ. ಅವಳು ಅಲ್ಲೇ ನಿಂತು ಕಾದಳು. ನನಗೆ ಮಕ್ಕಳು ಕಣ್ಣ ಮುಂದೆ ಬಂದರು, ಲಾರಿಗಳು ಬಂದವು, ಅಪ್ಪನ ಒಣತಲೆ ಬಂತು.

ಬ್ರೇಕು ಸರಿಯಾಗಿತ್ತು ಕಣಮ್ಮ ಎಂದುಬಿಟ್ಟೆ.

"ಹಂಗಾ" ಎಂದಳು. ಮತ್ತೆ ಬಾವಿಯ ಕಡೆಯಿಂದ ಸುತ್ತಿಕೊಂಡು ಹೋಗಲಿಲ್ಲ, ಕಾರಿನ ಮುಂದೆಯೇ ಹಾದು ಮೆಟ್ಟಿಲು ಹತ್ತಿದಳು. ಅವತ್ತು ಸಂಜೆ ಅವಳು ಆಗಿದೆ ಎಂದು ಕೆಳಗೆ ಬಿಟ್ಟ ಕಾಯಿಗಳಲ್ಲಿ ಮೂರನ್ನು ಒಡೆದಾಗ ಒಳಗೆ ಇನ್ನೂ ಹಸಿಯಿತ್ತು. ಇದೇನು ಬೋರಮ್ಮ, ಕಿವಿಗೆ ಹತ್ತಿ ಇಟ್ಕೊಂಡಿದ್ದೀಯಾ ಎಂದು ಒಡೆಯುವವರು ತಮಾಷೆ ಮಾಡಿದರು.

ಮನೆಗೆ ಹೋಗಿ ಲಕ್ಷ್ಮಿದೇವಮ್ಮನಿಗೆ ಎಲ್ಲವನ್ನೂ ಹೇಳಿದೆ. ಮೂರು ಮಕ್ಕಳವೆ, ಅದನ್ನ ನೆನೀರಿ ಎಂದಳು. ಮುದ್ದೆ ತಿರುವಿ ಇಳಿಸಿ, ಎಸರಿನ ಮುಚ್ಚಳ ತೆಗೆದು, ಮತ್ತೆ ಮುಚ್ಚಿ, ಸತ್ತ ಆಯಮ್ಮನಿಗೂ ಒಬ್ಬಳು ಮಗಳಿದ್ಲಲ್ಲ ಎಂದೂ ಅವಳೇ ಅಂದಳು. ಎರಡರಲ್ಲಿ ಯಾವುದನ್ನು ಹಿಡಿಯಬೇಕೆಂದು ಹೇಳಲಿಲ್ಲ. ನಾನು ಲೋಟ ತೆಗೆದುಕೊಂಡು ಜಗಲಿಗೆ ಹೋದೆ.

ಅಪ್ಪನಿಗೆ ಕಣ್ಣು ಮಂಜು. ಲೋಟವನ್ನು ಅವನ ಕೈಗೆ ಕೊಟ್ಟೆ. ಬೆರಳು ಹಾಕಿದ, ಸಂಜೆಯ ಚಳಿಗೆ ಮತ್ತೆ ಹೆಪ್ಪಾಗಿದ್ದ ಗಡ್ಡೆಯನ್ನು ಒತ್ತಿದ. ಅದು ಅವನ ಬೆರಳಿನ ಬಿಸಿಗೆ ಕರಗಿ ಅಂಗೈಗೆ ಇಳಿಯಿತು. ಮೂಸಿ ನೋಡಲಿಲ್ಲ.

"ಇನ್ನೂ ಐತಾ" ಎಂದ.

ಅವನೇ ಹೇಳಿದ. ಸಂತೆಯ ಹಿಂದಿನ ದಿನ ಬ್ರೇಕಿನ ಪೈಪು ಬಿರಿದು ಎಣ್ಣೆಯೆಲ್ಲ ಸೋರಿತ್ತು. ಪೈಪು ಬೆಸೆಸಿದ್ದಾಯಿತು, ಹೊಸ ಎಣ್ಣೆ ಬೆಂಗಳೂರಿನಿಂದ ಬರಲು ಮೂರು ದಿನ. ಅಷ್ಟು ದಿನ ಕಾಯಲು ಸಾಹುಕಾರರಿಗೆ ಪುರುಸೊತ್ತಿರಲಿಲ್ಲ. ಆ ಎಣ್ಣೆಯಲ್ಲಿ ಏನಿರುತ್ತದೆ ಎಂದು ಕೇಳಿದರು. ಹರಳೆಣ್ಣೆ, ಜೊತೆಗೆ ಸ್ವಲ್ಪ ಸ್ಪಿರಿಟ್ಟು ಎಂದು ಅಪ್ಪ ಹೇಳಿದ. ಹರಳೆಣ್ಣೆ ಆಗುವುದಾದರೆ ನಮ್ಮ ಗಾಣದ ಎಣ್ಣೆ ಏನು ಪಾಪ ಮಾಡಿತ್ತು ಎಂದು ಅವರು ನಕ್ಕರು. ಅಪ್ಪನೂ ನಕ್ಕು, ಸೋಸಿ, ಮಧ್ಯಾಹ್ನದ ಬಿಸಿಲಿನಲ್ಲಿ ತನ್ನ ಕೈಯಾರೆ ತುಂಬಿದ. ಸಂಜೆಯವರೆಗೆ ಓಡಿಸಿ ನೋಡಿದ, ಬ್ರೇಕು ಬೆಣ್ಣೆಯ ಹಾಗೆ ಬರುತ್ತಿತ್ತು. ಬೆಳಗ್ಗೆ ದಾರಿಯಲ್ಲಿ ನರಪಿಳ್ಳೆ ಇರಲಿಲ್ಲ, ಏರಿಯ ಇಳಿಜಾರಿನವರೆಗೆ ಬ್ರೇಕು ತುಳಿಯುವ ಪ್ರಸಂಗವೇ ಬರಲಿಲ್ಲ.

"ಕಲ್ಲಾಗಿತ್ತು ಅಂತ ವಕೀಲರಿಗೆ ಹೇಳ್ದೆ. ಮೂರು ಸಲ ಹಿಡಿದದೆ, ಯಾರು ನಂಬ್ತಾರೆ ಅಂದ್ರು. ನನಗೂ ಯಾಕೆ ಅಂತ ಆಗ ತಿಳೀನಿಲ್ಲ ಕಣ್ಲಾ. ಮುಂದಿನ ವರ್ಷ ನಿಮ್ಮವ್ವ ಎಣ್ಣೆ ಸೀಸೆ ಬಿಸಿಲಿಗೆ ಇಟ್ಟಿದ್ಲು. ಆಗ ತಿಳೀತು."

ಆಗಲಾದರೂ ಹೇಳಬಹುದಿತ್ತಲ್ಲ ಎಂದೆ.

"ಹೇಳಬೋದಾಗಿತ್ತು. ನೀವು ನಾಲ್ಕು ಮಕ್ಕಳು."

ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ, ಯಾಕೆಂದರೆ ಅವತ್ತು ಮಧ್ಯಾಹ್ನ ನಾನೂ ಅದೇ ಲೆಕ್ಕ ಹಾಕಿದ್ದೆ. ಬೋರಮ್ಮ ಕೇಳಿದಳು, ಬ್ರೇಕು ಇತ್ತು ಅಂದೆ ಎಂದು ಅವನಿಗೆ ಹೇಳಿದೆ. ಅಪ್ಪ ಬಹಳ ಹೊತ್ತು ಅಂಗೈಯನ್ನು ಮೊಣಕಾಲಿಗೆ ಒರೆಸುತ್ತಾ ಕೂತಿದ್ದ.

"ನೀನೂ ಅಂದ್ಯಾ" ಎಂದ. ಆಮೇಲೆ ಗೋಡೆ ಹಿಡಿದು ಎದ್ದು, "ನನ್ನ ಒಗೆದ ಪಂಚೆ ತಕ್ಕೊಡು. ಆ ಹುಡುಗಿ ಮನೆಗೆ ಕರ್ಕೊಂಡ್ ಹೋಗು" ಎಂದ.

ಬೋರಮ್ಮ ನಮ್ಮನ್ನು ಒಳಗೆ ಕರೆಯಲಿಲ್ಲ. ಅಪ್ಪ ಬಾಗಿಲಲ್ಲೇ ನಿಂತು ಹೇಳಿದ್ದನ್ನು ಮೊರ ಹಿಡಿದುಕೊಂಡೇ ಕೇಳಿದಳು. ನಾನು ಸುಳ್ಳು ಹೇಳಿದೆ ಎಂದು ನಾನೂ ಹೇಳಿದೆ. ನನ್ನ ಕಡೆ ಒಂದು ಸಲ ನೋಡಿದಳು. ಅವತ್ತಿನಿಂದ ಅವಳು ನನ್ನನ್ನು ಅಣ್ಣ ಎಂದು ಕರೆದಿಲ್ಲ.

"ನನ್ನ ಮುಂದೆ ಹೇಳಿದ್ರೆ ಏನು ಬಂತು? ಕಟ್ಟು ಹಾಕಿರೋನು ನಮ್ಮ ದೊಡ್ಡಪ್ಪ. ಅವನ ಮುಂದೆ ಹೇಳಿ" ಎಂದಳು.

ಭಾನುವಾರ ಮೂವರೂ ಹಂದನಕೆರೆಯ ಬಸ್ಸು ಹತ್ತಿದೆವು. ಅವಳು ಮುಂದೆ ಹೆಂಗಸರ ಸೀಟಿನಲ್ಲಿ ಕೂತಳು, ನಾವು ಹಿಂದೆ. ಕೆರೆ ಏರಿ ಬಂದಾಗ ಅಪ್ಪ ಕಣ್ಣು ಕಾಣದಿದ್ದರೂ ಬಸ್ಸು ಇಳಿಜಾರಿಗೆ ಬಾಗಿದ್ದನ್ನು ತಿಳಿದು, ಮುಂದಿನ ಸೀಟಿನ ಕಂಬಿಯನ್ನು ಹಿಡಿದುಕೊಂಡು ಬಲಗಾಲನ್ನು ನೆಲಕ್ಕೆ ಒತ್ತಿದ. ಬಸ್ಸು ಇಳಿಜಾರು ದಾಟುವವರೆಗೆ ಒತ್ತಿಯೇ ಇದ್ದ.

ದೊಡ್ಡಪ್ಪನ ಹೆಸರು ದೊಡ್ಡರಂಗಯ್ಯ. ಎಂಬತ್ತರ ಹತ್ತಿರದ ಮನುಷ್ಯ, ಕಂಬಕ್ಕೊರಗಿ ಕೂತಿದ್ದ. ಬೋರಮ್ಮನ ಚಿಕ್ಕಪ್ಪಂದಿರು, ಅವರ ಮಕ್ಕಳು ಎಲ್ಲ ಸೇರಿದರು. ಅಪ್ಪ ನಿಂತೇ ಹೇಳಿದ, ಕೂತುಕೋ ಎಂದು ಯಾರೂ ಅನ್ನಲಿಲ್ಲ. ಕಾರಿನ ಪೈಪು, ಗಾಣದ ಎಣ್ಣೆ, ಎರಡು ಗಂಟೆಯ ಬಿಸಿಲು. ನಾನು ಲೋಟವನ್ನು ತೋರಿಸಿದೆ. ದೊಡ್ಡರಂಗಯ್ಯ ಅದನ್ನು ಮುಟ್ಟಲಿಲ್ಲ. ಹಂಗಾರೆ ಕೋರ್ಟಲ್ಲಿ ನೀನು ಹೇಳಿದ್ದು ಸುಳ್ಳು ಎಂದು ಕೇಳಿದ. ಸುಳ್ಳು ಎಂದ ಅಪ್ಪ. ಆ ಸುಳ್ಳನ್ನ ಹಿಡಕೊಂಡು ನಾನು ನಮ್ಮ ಮನೆ ಸೊಸೇನ ಇಪ್ಪತ್ತಮೂರು ವರ್ಷ ಉಪವಾಸ ಕೆಡವಿದೆ ಎಂದು ಮುದುಕ ತನ್ನಷ್ಟಕ್ಕೆ ಹೇಳಿಕೊಂಡ. ಅವನ ತಮ್ಮನ ಮಗನೊಬ್ಬ ಅಪ್ಪನ ಕಡೆಗೆ ಏರಿ ಬಂದ. ಬೋರಮ್ಮ ಅವನ ಮುಂದೆ ಕೈ ಅಡ್ಡ ಇಟ್ಟಳು. ಅವಳಿಗೆ ಇನ್ನೂ ಕೇಳುವುದಿತ್ತು.

"ನಮ್ಮವ್ವ ಕಾರು ನೋಡಿದ್ಲಾ?"

"ನೋಡಿದ್ಲು."

"ನೋಡಿ ಏನು ಮಾಡಿದ್ಲು?"

ನನಗೂ ಇದು ಗೊತ್ತಿರಲಿಲ್ಲ.

"ಸರಿದ್ಲು ಕಣವ್ವ. ತಲೆ ಮೇಲಿದ್ದ ಮಂಕರಿ ಬಿಸಾಕಿ ಎಡಕ್ಕೆ ಸರಿದ್ಲು. ಬ್ರೇಕು ಬೀಳಲಿಲ್ಲ ಅಂತ ನಾನೂ ಎಡಕ್ಕೇ ತಿರುಗಿಸ್ದೆ."

ಬೋರಮ್ಮ ಕಂಬದ ಬುಡದಲ್ಲಿ ಕೂತುಕೊಂಡು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಸರಿದ್ಲು, ಸರಿದ್ಲು ಎಂದು ಎರಡು ಸಲ ಅಂದಳು. ದೊಡ್ಡರಂಗಯ್ಯ ನಮಗೆ ಹೊರಡಿ ಎಂದು ಕೈ ಮಾಡಿದ. ನಾವು ಅಂಗಳ ದಾಟುವಾಗ, ಬರೋ ಪಕ್ಷದ ಅಮಾಸೆಗೆ ಸೀರೆ ತಕ್ಕೊಂಡು ಬಾ ಎಂದು ಅವನು ಅವಳಿಗೆ ಹೇಳಿದ್ದು ಹಿಂದಿನಿಂದ ಕೇಳಿಸಿತು.

ಆಮೇಲೆ ಆದದ್ದು ಎಲ್ಲರಿಗೂ ಗೊತ್ತಿರುವುದೇ. ಸುದ್ದಿ ಒಂದೇ ವಾರದಲ್ಲಿ ತಿಪಟೂರು ಸುತ್ತಿತು. ಬಸವರಾಜಪ್ಪನವರು ಲಾರಿಗಳನ್ನು ಬೇರೆ ಗ್ಯಾರೇಜಿಗೆ ಕಳಿಸಿದರು. ಕಾರಿಗೆ ಉಳಿದಿದ್ದ ಪಾಲಿಷ್ ಕೆಲಸವನ್ನೂ ಬೇರೆಯವರೇ ಮುಗಿಸಿದರು. ಜನವರಿಯಲ್ಲಿ ಅದು ಬೆಂಗಳೂರಿನ ಮೆರವಣಿಗೆಯಲ್ಲಿ ಓಡಿತು. ಒಂದು ಪತ್ರಿಕೆಯಲ್ಲಿ ಫೋಟೋ ಬಂದಿತ್ತು, ಟಾಪು ಮಡಚಿದ ಕಾರಿನಲ್ಲಿ ಬಸವರಾಜಪ್ಪನವರು ಅವರಪ್ಪನ ಹಾಗೆ ಪೇಟ ಹಿಡಿದುಕೊಂಡಿದ್ದರು. ಬ್ರೇಕು ನಾನು ಕಟ್ಟಿದ್ದೇ. ಅದರ ಬಗ್ಗೆ ನನಗೆ ಅನುಮಾನವಿಲ್ಲ. ಸ್ಕೂಲಿನಲ್ಲಿ ಯಾರೋ ದೊಡ್ಡ ಮಗಳಿಗೆ ನಿಮ್ಮ ತಾತ ಕೊಂದವನಂತೆ ಅಂದರು. ಅವಳು ಎರಡು ದಿನ ತಾತನ ಹತ್ತಿರ ಮಾತಾಡಲಿಲ್ಲ. ಮೂರನೆಯ ದಿನ ಕಾಫಿಯನ್ನು ತಾನೇ ತೆಗೆದುಕೊಂಡು ಹೋಗಿ ಪಕ್ಕದಲ್ಲಿಟ್ಟಳು. ನಾನು ಈಗ ಟ್ರಾಕ್ಟರು, ಪಂಪ್‌ಸೆಟ್ಟು, ಸಿಕ್ಕಿದ್ದನ್ನೆಲ್ಲ ಮಾಡುತ್ತೇನೆ.

ಮಹಾಲಯ ಅಮಾವಾಸ್ಯೆಗೆ ನಾಲ್ಕು ದಿನವಿರುವಾಗ ಬೋರಮ್ಮ ನಮ್ಮ ಮನೆಯ ಮುಂದೆ ಬಂದು ನಿಂತಳು. ಅಪ್ಪ ಜಗಲಿಯ ಮೇಲಿದ್ದ. ನಾನು ಒಳಗಿನಿಂದ ಬರುವಷ್ಟರಲ್ಲಿ ಅವಳು ಮಾತು ಶುರು ಮಾಡಿದ್ದಳು. ಅಂಗಡಿಗೆ ಸೀರೆ ತರಲು ಹೊರಟಿದ್ದಳಂತೆ. ಸಾಯುವಾಗ ಉಟ್ಟಿದ್ದ ಬಣ್ಣದ್ದನ್ನೇ ಮೊದಲ ಎಡೆಗೆ ಇಡಬೇಕು ಎಂದು ದೊಡ್ಡಪ್ಪ ಹೇಳಿ ಕಳಿಸಿದ್ದಾನೆ. ಅವ್ವನ ಹೆಣವನ್ನು ಮನೆಗೆ ತರುವ ಮೊದಲೇ ಬೋರಮ್ಮನನ್ನು ನೆಂಟರ ಮನೆಗೆ ಕಳಿಸಿದ್ದರು, ಹಾಗಾಗಿ ಅವಳಿಗೆ ಗೊತ್ತಿಲ್ಲ. ಊರಿನಲ್ಲಿ ಒಬ್ಬರು ಒಂದೊಂದು ಹೇಳುತ್ತಾರೆ.

"ನೀನು ನೋಡಿದ್ಯಲ್ಲ" ಎಂದಳು ಅಪ್ಪನಿಗೆ. "ಯಾವ ಬಣ್ಣ?"

ಅಪ್ಪ ನೆನಪು ಮಾಡಿಕೊಳ್ಳಲು ಒಂದು ಕ್ಷಣವನ್ನೂ ತೆಗೆದುಕೊಳ್ಳಲಿಲ್ಲ.

"ಇಟ್ಟಿಗೆ ಬಣ್ಣ. ಕರಿ ಅಂಚು, ಎರಡು ಬೆರಳಗಲ. ಎಡಗಡೆ ಮೊಣಕಾಲ ಹತ್ರ ಒಂದು ತ್ಯಾಪೆ ಹಾಕಿತ್ತು, ಅದು ಹಸಿರು."

"ಎಡಗಡೇನಾ?"

"ಎಡಗಡೆ."

ಬೋರಮ್ಮ ಅದನ್ನು ಒಂದು ಸಲ ಬಾಯಲ್ಲೇ ಹೇಳಿಕೊಂಡು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಪೇಟೆಯ ಕಡೆಗೆ ಹೊರಟಳು.